ಬಿಳಿಗಲ್ಲು ಜೀರಿಗೆಗೆ ಸಾಕ್ಷಿ ನಿಂತವರು

ಹೊಸನಗರದಲ್ಲಿ ಯಾರಾದರೂ ಒಂದು ಸುದ್ದಿ ಹೇಳಿದರೆ ಟೀಚರು ಕೇಳುತ್ತಿದ್ದ ಪ್ರಶ್ನೆ ಒಂದೇ: "ಯಾರು ಕಂಡಿದ್ದು?" ಮಾಸ್ತಿಕಟ್ಟೆ ರಸ್ತೆಯಲ್ಲಿ ಹುಲಿ ಅಡ್ಡ ಬಂತಂತೆ ಎಂದರೂ ಅದೇ, ಪೇಟೆಯ ಯಾರದೋ ಸೊಸೆ ತವರಿಗೆ ಹೋದವಳು ಇನ್ನು ಬರುವುದಿಲ್ಲವಂತೆ ಎಂದರೂ ಅದೇ. ಕೇಳುವಾಗ ಸಿಟ್ಟು ಇರುತ್ತಿರಲಿಲ್ಲ. ಕನ್ನಡಕ ತೆಗೆದು ಸೆರಗಿನ ತುದಿಯಲ್ಲಿ ಒರೆಸುತ್ತ, ಬರಿಗಣ್ಣನ್ನು ಕಿರಿದು ಮಾಡಿ ಕೇಳುತ್ತಿದ್ದರು. "ಎಲ್ರೂ ಹೇಳ್ತಾರೆ ಟೀಚರೇ" ಎಂದರೆ, "ಎಲ್ರೂ ಹೇಳೋದು ಬೇಡ, ಕಂಡೋರು ಒಬ್ರು ಸಾಕು" ಎನ್ನುತ್ತಿದ್ದರು. ಕಾಲೇಜಿನ ಮಕ್ಕಳು ಅವರಿಗೆ ಇಟ್ಟಿದ್ದ ಅಡ್ಡಹೆಸರೂ ಅದೇ. ಗೇಟಿನ ಹತ್ತಿರ ಸ್ಕೂಟರ್ ಸದ್ದು ಕೇಳಿದರೆ ಹುಡುಗರು "ಕಂಡಿದ್ದು ಬಂತು ಕಣೋ" ಎಂದು ಸಿಗರೇಟು ಬಿಸಾಡುತ್ತಿದ್ದರಂತೆ. ಇದನ್ನು ನನಗೆ ಹೇಳಿದವರು ಟೀಚರೇ. "ಸಿಗರೇಟು ನೀವು ಕಂಡ್ರಾ?" ಎಂದು ನಾನು ಕೇಳಿದೆ. "ಹೊಗೆ ಕಂಡೆ" ಎಂದು ನಕ್ಕರು.

ಅಂಥವರು ಜೀವಮಾನದಲ್ಲಿ ಒಂದು ಸಲ, ತಾವು ಕಾಣದ್ದಕ್ಕೆ ಸಾಕ್ಷಿ ನಿಂತರು. ನನ್ನ ಮಾತು ನಂಬಿ ನಿಂತರು. ನಾನು ಹೇಳಿದ್ದು ಸುಳ್ಳು. ಈಗ ಅವರಿಲ್ಲ. ಎದುರಿಗೆ ಕೂತು ಹೇಳಲಾರದೆ ಹೋದದ್ದನ್ನು ಬರೆಯಲು ಹೊರಟಿದ್ದೇನೆ. ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವನು. ಬರೆದು ರೂಢಿಯಿಲ್ಲ. ಹಿಂದುಮುಂದಾದರೆ ಓದುವವರು ಸರಿಮಾಡಿಕೊಳ್ಳಬೇಕು.

ನನ್ನದು ಕಸಿ ಕಟ್ಟುವ ಕೆಲಸ. ಹೊಸನಗರ ಪೇಟೆ ದಾಟಿದ ಮೇಲೆ, ರಸ್ತೆಯ ಎಡಕ್ಕೆ, ಗುಡ್ಡದ ಬುಡದಲ್ಲಿ ಒಂದು ಸಣ್ಣ ನರ್ಸರಿ. ಕಾಳುಮೆಣಸು, ಜಾಯಿಕಾಯಿ ಎಲ್ಲ ಇದ್ದರೂ ಜನ ಬರುತ್ತಿದ್ದುದು ಅಪ್ಪೆಮಿಡಿಯ ಗಿಡಕ್ಕೆ. ಉಪ್ಪಿನಕಾಯಿಗೆ ಹಾಕುವ ಮಾವಿನ ಮಿಡಿ ನಮ್ಮ ಹಳ್ಳಗಳ ದಂಡೆಯಲ್ಲಿ ತಾನಾಗಿ ಬೆಳೆಯುವ ಕಾಡುಮರಗಳದ್ದು. ಒಂದು ಮರದ ಪರಿಮಳ ಇನ್ನೊಂದಕ್ಕಿಲ್ಲ. ಆದ್ದರಿಂದ ಒಳ್ಳೆಯ ಮರಕ್ಕೆಲ್ಲ ಮನುಷ್ಯರಿಗಿರುವ ಹಾಗೆ ಹೆಸರಿರುತ್ತದೆ. ಮಾಸ್ತಿಕಟ್ಟೆಗೆ ಹೋಗುವ ದಾರಿಯಲ್ಲಿ ಇಳಿದು, ಕಾಡಿನೊಳಗೆ ನಡೆದರೆ ಸಿಗುವ ಬಿಳಿಗಲ್ಲು ಹಳ್ಳದ ದಂಡೆಯಲ್ಲಿ ಒಂದು ಮರವಿತ್ತು. ಮಿಡಿಯ ತೊಟ್ಟು ಮುರಿದರೆ ಹೊರಡುವ ಸೊನೆ ಹುರಿದ ಜೀರಿಗೆಯ ಹಾಗೆ ಘಮ್ಮೆನ್ನುತ್ತಿತ್ತು. ಉಪ್ಪಿನಲ್ಲಿಟ್ಟರೆ ಎಷ್ಟು ವರ್ಷಕ್ಕೂ ಮೆತ್ತಗಾಗುತ್ತಿರಲಿಲ್ಲ. ಅದೇ ಬಿಳಿಗಲ್ಲು ಜೀರಿಗೆ. ಅಪ್ಪನ ಸಂಗಡ ಹೋಗಿ ನೋಡಿ ಬಂದಿದ್ದ ಆ ಮರದಿಂದ ಕಡ್ಡಿ ತಂದು, ಗೊರಟಿನಿಂದ ಎಬ್ಬಿಸಿದ ಸಸಿಗೆ ಕಟ್ಟಿ, ಮೊದಲು ಗಿಡ ಮಾಡಿದವನು ನಾನು. ಸಾಗರ, ತೀರ್ಥಹಳ್ಳಿ ಕಡೆಯವರು ನನ್ನನ್ನು ಕರೆಯುತ್ತಿದ್ದುದೇ ಬಿಳಿಗಲ್ಲು ನಾಯ್ಕ ಎಂದು. ತಾಳಗುಪ್ಪದ ರೈಲಿನಲ್ಲಿ ನನ್ನ ಗಿಡಗಳು ಬೆಂಗಳೂರಿಗೂ ಹೋಗಿವೆ.

ಒಂದು ಮಳೆಗಾಲದಲ್ಲಿ ದಂಡೆ ಜರಿದು ಮರ ಬುಡಸಮೇತ ಉರುಳಿತು. ಕಡ್ಡಿಗೆಂದು ಹೋದವನು ನೋಡಿದೆ. ಬೇರು ಮೇಲಾಗಿ ಬಿದ್ದಿತ್ತು, ಎಲೆಗಳು ಆಗಲೇ ಕಪ್ಪಾಗಿದ್ದವು. ಆ ಕಡೆ ಬೇರೆ ಯಾರೂ ಹೋಗುವುದಿಲ್ಲ. ಅದೇ ಹಳ್ಳದ ಮೇಲ್ದಂಡೆಯಲ್ಲಿ ಇನ್ನೊಂದು ಮರವಿತ್ತು. ವಾಸನೆ ಹತ್ತಿರ ಹತ್ತಿರ ಅದೇ. ಹುಳಿ ಸ್ವಲ್ಪ ಜಾಸ್ತಿ, ವರ್ಷ ಕಳೆದರೆ ಮಿಡಿ ಮೆತ್ತಗಾಗುತ್ತದೆ. ಆ ದಿನ ಬರಿಗೈಯಲ್ಲಿ ಬರಲು ಮನಸ್ಸಾಗದೆ ಅದರ ಕಡ್ಡಿ ತಂದೆ. ಕಟ್ಟಿದೆ. ಗಿಡಕ್ಕೆ ಕಟ್ಟುವ ಚೀಟಿಯ ಮೇಲೆ ಹಳೆಯ ಹೆಸರನ್ನೇ ಬರೆದೆ. ಮರ ಹೋಯಿತು ಎಂದರೆ ಬಿಳಿಗಲ್ಲು ನಾಯ್ಕ ಎನ್ನುವವನೂ ಹೋದ ಹಾಗೆ ಎಂದು ಆಗ ನನಗೆ ಅನಿಸಿತ್ತು. ನನ್ನ ಹೆಂಡತಿಗೆ ಮಾತ್ರ ಗೊತ್ತಿತ್ತು. ಆ ವರ್ಷದಿಂದ ಅವಳು ಚೀಟಿ ಕಟ್ಟುವ ಕೆಲಸಕ್ಕೆ ಬರಲಿಲ್ಲ.

ಟೀಚರು ನರ್ಸರಿಗೆ ಮೊದಲ ಸಲ ಬಂದದ್ದು ಇದಾದ ಮರುವರ್ಷ. ಪೇಟೆಯ ಪಿಯು ಕಾಲೇಜಿನಲ್ಲಿ ಲೆಕ್ಕಶಾಸ್ತ್ರ ಹೇಳುತ್ತಿದ್ದರು. ಮದುವೆಯಾಗಿರಲಿಲ್ಲ, ತಾಯಿಯೊಡನೆ ಇದ್ದರು. ಸ್ಕೂಟರ್ ನಿಲ್ಲಿಸಿ, ಹೆಲ್ಮೆಟ್ ತೆಗೆಯದೆ ಗಿಡಗಳ ಸಾಲಿನ ನಡುವೆ ಓಡಾಡಿದರು. ನಾನು ಹೆಲ್ಮೆಟ್ ಕಡೆ ನೋಡಿದ್ದನ್ನು ಕಂಡು, "ತೆಗೆದಿಟ್ರೆ ಮರ್ತು ಹೋಗ್ತೀನಿ ನಾಯ್ಕ್ರೇ" ಎಂದರು. ಅವರ ತಾಯಿಯ ತವರುಮನೆ ಬಿಳಿಗಲ್ಲು ಹಳ್ಳದ ಹತ್ತಿರವೇ ಇತ್ತಂತೆ. ಅಣೆಕಟ್ಟಿನ ನೀರು ಬಂದಾಗ ಮನೆ, ಗದ್ದೆ, ಬಾವಿ ಎಲ್ಲ ಮುಳುಗಿದವು. ನೀರು ಮುಟ್ಟದೆ ಎತ್ತರದಲ್ಲಿ ಉಳಿದದ್ದು ಆ ಮಿಡಿಮರ ಒಂದು. "ಅಮ್ಮ ಊಟಕ್ಕೆ ಕೂತಾಗೆಲ್ಲ ಅದನ್ನೇ ಹೇಳ್ತಾಳೆ. ಒಂದು ಗಿಡ ಅಂಗಳದಲ್ಲಿ ಹಾಕ್ಬೇಕು" ಎಂದರು.

ಆಗಲೇ ಹೇಳಿಬಿಡಬಹುದಿತ್ತು. ಗಿಡ ಆರಿಸಿ, ಬುಡದ ಮಣ್ಣು ಒತ್ತಿ, ಕೈಗೆ ಕೊಟ್ಟೆ.

ಅಲ್ಲಿಂದ ಸ್ನೇಹ ಬೆಳೆಯಿತು. ಭಾನುವಾರ ಬರುತ್ತಿದ್ದರು, ಸುಮ್ಮನೆ ಕೂತು ಕಸಿ ಕಟ್ಟುವುದನ್ನು ನೋಡುತ್ತಿದ್ದರು. ನನ್ನ ಹೆಂಡತಿ ಕೊಡುವ ಅವಲಕ್ಕಿಯನ್ನು ಕೈಯಲ್ಲೇ ಇಟ್ಟುಕೊಂಡು ತಿನ್ನುತ್ತಿದ್ದರು. ಯಾವುದಕ್ಕೂ ಅವರದು ಒಂದು ಮಾತು: ಅಡ್ಡಿಲ್ಲೆ, ಅಂದರೆ ಪರವಾಗಿಲ್ಲ. ನಮ್ಮ ಜೊತೆ ಎಲ್ಲರಂತೆ ಮಾತಾಡುತ್ತಿದ್ದರೂ ಖುಷಿಯಾದಾಗಲೋ ದಣಿದಾಗಲೋ ಮನೆಯ ಮಾತು ಹೊರಬರುತ್ತಿತ್ತು.

ಒಮ್ಮೆ ಅವರ ನೆರೆಮನೆಯ ಹಿರಿಯರು ಉಯಿಲು ಬರೆಸಿ, ಹೆಬ್ಬೆಟ್ಟು ಒತ್ತಿ, ಸಾಕ್ಷಿಗೆ ಸಹಿ ಮಾಡಿಸಲು ಮಗನ ಕೈಯಲ್ಲಿ ಕಳಿಸಿದ್ದರು. ಟೀಚರು ಮಾಡಲಿಲ್ಲ. ಅವರು ಹೆಬ್ಬೆಟ್ಟು ಒತ್ತಿದ್ದನ್ನು ನಾನು ಕಂಡಿಲ್ಲ, ನನ್ನ ಎದುರಿಗೆ ಇನ್ನೊಮ್ಮೆ ಒತ್ತಲಿ, ಬರುತ್ತೇನೆ ಎಂದರು. ಮಗನಿಗೆ ಅವಮಾನವಾಯಿತು. ಆ ಮನೆಯಿಂದ ಹಬ್ಬದ ಪಾಯಸ ಬರುವುದು ನಿಂತಿತು. "ಅಡ್ಡಿಲ್ಲೆ, ಡಾಕ್ಟರೂ ಸಕ್ಕರೆ ಕಮ್ಮಿ ಮಾಡಿ ಅಂದಿದಾರೆ" ಎಂದು ನನಗೆ ಹೇಳಿದರು. ಅದನ್ನು ಕೇಳಿ ನಾನು ಗಟ್ಟಿಯಾಗಿ ನಕ್ಕಿದ್ದೆ.

ಇನ್ನು ಹ್ಯಾಕಥಾನ್ ಎಂಬ ಕಂಪ್ಯೂಟರ್ ಸ್ಪರ್ಧೆಯ ವಿಷಯ.

ಕೊರೋನಾ ಕಾಲದಲ್ಲಿ ಪಾಠವೆಲ್ಲ ಕಂಪ್ಯೂಟರಿಗೆ ಬಂದಾಗ ಟೀಚರು ಅದನ್ನು ಬಿಡದೆ ಕಲಿತರು. ಕಲಿಸುವುದಕ್ಕೆ ಬೇಕಾದಷ್ಟು ಕಲಿತು ನಿಲ್ಲಿಸುವ ಜಾತಿಯವರಲ್ಲ. ಒಂದು ದಿನ ಬಂದು ಬ್ಲಾಕ್‌ಚೈನ್ ಎಂಬ ಹೆಸರು ಹೇಳಿದರು. ನನಗೆ ಅರ್ಥವಾಗಲಿಲ್ಲ. ಕನ್ನಡಕ ಒರೆಸುತ್ತ ವಿವರಿಸಿದರು. ಊರೂಟಕ್ಕೆ ಪಂಕ್ತಿ ಕೂತಿದೆ ಎಂದುಕೊಳ್ಳಿ. ಒಬ್ಬರ ಎಲೆಗೆ ಬಡಿಸಿದ್ದನ್ನು ಸಾಲಿನವರೆಲ್ಲ ನೋಡಿರುತ್ತಾರೆ. ಆಮೇಲೆ ನನಗೆ ಬಡಿಸಲಿಲ್ಲ ಎಂದೋ, ಬಡಿಸಿದ್ದು ಬೇರೆ ಎಂದೋ ಹೇಳಲು ಬರುವುದಿಲ್ಲ. ಇದೂ ಹಾಗೆ. ಒಬ್ಬರು ಬರೆದದ್ದು ಎಲ್ಲರ ಕಂಪ್ಯೂಟರಿನಲ್ಲೂ ಇರುತ್ತದೆ, ಯಾರೂ ಅಳಿಸಲಾರರು.

"ಬಡಿಸಿದ್ದೇ ಹಳಸಿದ್ರೆ ಟೀಚರೇ?" ಎಂದೆ.

"ಅದಕ್ಕೇ ಬಡಿಸೋಕೆ ನಿಮ್ಮಂಥೋರು ಬೇಕು" ಎಂದರು.

ಬ್ಲಾಕ್‌ಚೈನಿನಿಂದ ಜನರಿಗೆ ಉಪಯೋಗವಾಗುವಂಥದ್ದನ್ನು ಕಟ್ಟಿ ತೋರಿಸುವ ಆನ್‌ಲೈನ್ ಸ್ಪರ್ಧೆಯಂತೆ. ಶುಕ್ರವಾರ ಸಂಜೆ ಶುರು, ಭಾನುವಾರ ಸಂಜೆ ಮುಕ್ತಾಯ. ಎಲ್ಲರೂ ತಮ್ಮ ತಮ್ಮ ಊರಿನಲ್ಲೇ ಕೂತು ಮಾಡುವುದು. ಟೀಚರ ಹಳೆಯ ವಿದ್ಯಾರ್ಥಿನಿಯೊಬ್ಬಳು ತೀರ್ಥಹಳ್ಳಿ ಕಡೆಯ ಅರಳಸುರಳಿಗೆ ಮದುವೆಯಾಗಿ ಹೋಗಿದ್ದಳು. ಮನೆಯಿಂದಲೇ ಯಾವುದೋ ಕಂಪನಿಗೆ ಪ್ರೋಗ್ರಾಂ ಬರೆಯುತ್ತಿದ್ದಳು. ಬರೆಯುವ ಕೆಲಸ ಅವಳದು, ಹೀಗಿರಬೇಕು ಎಂದು ಹೇಳುವ ಕೆಲಸ ಟೀಚರದು. ಮಿಡಿಗಿಡದಲ್ಲಿ ಮೋಸ ಬಹಳ, ಗಿಡ ಫಲ ಕೊಡುವವರೆಗೆ ಯಾರಿಗೂ ತಿಳಿಯುವುದಿಲ್ಲ, ಆದ್ದರಿಂದ ಪ್ರತಿ ಕಸಿಗಿಡಕ್ಕೂ ತಾಯಿಮರ ಯಾವುದೆಂದು ಅಳಿಸಲಾಗದಂತೆ ಬರೆದಿಡಬೇಕು ಎಂಬುದು ಅವರ ಯೋಚನೆ. ಮೊದಲ ಗಿಡ ಬಿಳಿಗಲ್ಲು ಜೀರಿಗೆ ಎಂದು ಅವರೇ ತೀರ್ಮಾನ ಮಾಡಿಕೊಂಡು ಬಂದಿದ್ದರು.

ನಮ್ಮ ಹಿಂದಿನ ಗುಡ್ಡದ ಮೇಲೆ ಟವರ್ ಇರುವುದರಿಂದ ನರ್ಸರಿಯಲ್ಲಿ ಸಿಗ್ನಲ್ ಚೆನ್ನಾಗಿತ್ತು. ಶನಿವಾರ ಬೆಳಿಗ್ಗೆ ಲ್ಯಾಪ್‌ಟಾಪನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಬಂದರು. ಕಸಿ ಕಟ್ಟುವ ಕಾಲ, ಧೋ ಎಂದು ಮಳೆ. ಗಿಡ ಕಟ್ಟುವ ಮೇಜಿನ ಒಂದು ತುದಿಯಲ್ಲಿ ಅವರು, ಇನ್ನೊಂದು ತುದಿಯಲ್ಲಿ ಚೂರಿ ಹಿಡಿದು ನಾನು. ಅರಳಸುರಳಿಯ ಹುಡುಗಿಗೆ ಮಹಡಿಯ ಮೆಟ್ಟಿಲ ಮೇಲೆ ಕೂತರೆ ಮಾತ್ರ ಸಿಗ್ನಲ್. ಅವಳ ಮುಖ ತೆರೆಯ ಮೇಲೆ ಬಂದು ಬಂದು ನಿಂತುಬಿಡುತ್ತಿತ್ತು. ಅವಳ ಅತ್ತೆ ಪಕ್ಕದಲ್ಲಿ ಹಾದುಹೋಗುತ್ತ ಯಾರ ಜೊತೆ ಜಗಳ ಎಂದು ಕೇಳಿದ್ದು ನಮಗೂ ಕೇಳಿಸಿತು. ಟೀಚರು ಪ್ರಾಯದ ಹುಡುಗಿಯಂತೆ ಆಗಿದ್ದರು. ತಂಡಗಳ ಹೆಸರು ಓದುತ್ತ ಎಲ್ಲ ದೊಡ್ಡ ದೊಡ್ಡ ಊರಿನ ಮಕ್ಕಳು ಎಂದರು. ನಮ್ಮ ತಂಡದಲ್ಲಿ ನನ್ನ ಹೆಸರನ್ನೂ ಸೇರಿಸಿದ್ದರು.

ಗಿಡಕ್ಕೆ ಕಟ್ಟಿದ ಕ್ಯೂಆರ್ ಕೋಡ್ ಎಂಬ ಚೌಕದ ಗುರುತಿಗೆ ಫೋನ್ ಹಿಡಿದರೆ ಮೂರು ಸಾಲು ಬರಬೇಕು: ಮರ, ಕಡ್ಡಿ ತಂದವರು, ಕಂಡವರು. ಇಂಗ್ಲಿಷಿನಲ್ಲಿ ಹಾಕಲೇ ಎಂದು ಹುಡುಗಿ ಕೇಳಿದಳು. ಬೇಡ, ಮಿಡಿ ಹಾಕುವವರಿಗೆ ಓದಲು ಬರಬೇಕು ಎಂದರು ಟೀಚರು. ಕಂಡವರು ಎಂಬಲ್ಲಿ ಹೆಸರಿಲ್ಲದಿದ್ದರೆ ಮುಂದಕ್ಕೇ ಹೋಗಬಾರದು ಎಂದು ಅದನ್ನು ಕಟ್ಟುನಿಟ್ಟು ಮಾಡಿಸಿದವರೂ ಅವರೇ. ಬರೆದದ್ದು ತಪ್ಪಾದರೆ ಏನು ಮಾಡುವುದು ಎಂದು ನಾನು ಕೇಳಿದೆ. ಯಾಕೆ ಕೇಳಿದೆನೆಂದು ಅವರಿಗೆ ಹೊಳೆಯಲಿಲ್ಲ. ಅಳಿಸಲು ಬರುವುದಿಲ್ಲ, ಬರೆದವರೇ ಕೆಳಗೆ ಇನ್ನೊಂದು ಸಾಲು ಬರೆಯಬಹುದು, ಮೇಲಿನದೂ ಇರುತ್ತದೆ ಕೆಳಗಿನದೂ ಇರುತ್ತದೆ ಎಂದರು. "ಲೆಕ್ಕದಲ್ಲೂ ಹಂಗೇ ಅಲ್ವಾ. ಹೊಡೆದು ಹಾಕ್ಬಾರ್ದು, ತಿದ್ದಿದ್ದು ಕಾಣ್ಬೇಕು."

ಭಾನುವಾರ ಬೆಳಿಗ್ಗೆ ಮಳೆಕೋಟು ಹಾಕಿಕೊಂಡೇ ಬಂದರು. ಈಗಲೇ ಹೋಗಿ ಮರ ನೋಡಿ, ಒಂದು ಫೋಟೋ ತೆಗೆದು ಬಂದುಬಿಡೋಣ, ಸಂಜೆಯೊಳಗೆ ಸಾಕಷ್ಟು ಹೊತ್ತಿದೆ ಎಂದರು. ಹಳ್ಳ ತುಂಬಿ ದಾಟುವ ಸಂಕ ಕೊಚ್ಚಿಹೋಗಿದೆ, ಕಾಲಿಟ್ಟಲ್ಲಿ ರಕ್ತ ಹೀರುವ ಉಂಬಳ, ನಿಮ್ಮ ಮೊಣಕಾಲಿಗೆ ಆ ಇಳಿಜಾರು ಆಗದು ಎಂದೆ. ಸಂಕ, ಉಂಬಳ, ಮೊಣಕಾಲು ಎಲ್ಲವೂ ನಿಜ. ಮರ ಇಲ್ಲ ಎಂಬುದೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಹೇಳಿದೆ. ಅವಲಕ್ಕಿ ತಂದ ನನ್ನ ಹೆಂಡತಿ ಬಾಗಿಲಲ್ಲೇ ನಿಂತು ನನ್ನ ಮುಖ ನೋಡಿದಳು. ತಟ್ಟೆ ಇಟ್ಟು ಹೋದಳು.

ಟೀಚರು ಮಳೆಕೋಟು ತೆಗೆದು ಗೂಟಕ್ಕೆ ಹಾಕಿದರು. ಹುಡುಗಿ ತೆರೆಯ ಮೇಲೆ ಕಾಯುತ್ತಿದ್ದಳು.

"ಮೇಡಂ, ಕಂಡವರು ಅಂತ ಯಾರ ಹೆಸರು?"

"ನಂದೇ ಹಾಕು."

"ನೀವು ಮರ ನೋಡಿಲ್ಲಲ್ಲ ಮೇಡಂ."

"ಮರ ನೋಡಿಲ್ಲ ಮಾರಾಯ್ತಿ. ನಾಯ್ಕ್ರನ್ನ ನೋಡಿದೀನಲ್ಲ."

ನಾನು ಒಂದು ಕಸಿಗೆ ಪಟ್ಟಿ ಸುತ್ತುತ್ತಿದ್ದೆ. ಸುತ್ತುತ್ತಲೇ ಇದ್ದೆ. ಅಷ್ಟು ಬಿಗಿದರೆ ಕಡ್ಡಿ ಉಸಿರುಕಟ್ಟಿ ಸಾಯುತ್ತದೆ ಎಂದು ಗೊತ್ತಿದ್ದವನು.

ಸಂಜೆ ತೀರ್ಪುಗಾರರೆದುರು ತೋರಿಸುವ ಸರದಿ ಬಂತು. ಟೀಚರು ಸೀರೆಯ ನೆರಿಗೆ ಸರಿಮಾಡಿಕೊಂಡು, ತರಗತಿಯಲ್ಲಿ ನಿಲ್ಲುವಂತೆ ನೆಟ್ಟಗೆ ಕೂತು ಹೇಳಿದರು. ಗಿಡಕ್ಕೆ ಫೋನ್ ಹಿಡಿದರು. ಮೂರು ಸಾಲು ಬಂದವು. ತೀರ್ಪುಗಾರರಲ್ಲೊಬ್ಬ ಯುವಕ ಇಂಗ್ಲಿಷಿನಲ್ಲಿ ಏನೋ ಕೇಳಿದ. ನನಗಾಗಿ ಹುಡುಗಿ ಕನ್ನಡದಲ್ಲಿ ಹೇಳಿದಳು: ಬರೆದ ಮೇಲೆ ಯಾರೂ ಬದಲಿಸಲಾರರು, ಸರಿ, ಆದರೆ ಮೊದಲು ಬರೆದದ್ದೇ ಸುಳ್ಳಾಗಿದ್ದರೆ ನಿಮ್ಮ ಯಂತ್ರ ಏನು ಮಾಡುತ್ತದೆ?

ಟೀಚರು ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಕಡೆ ತಿರುಗಿಸಿದರು. "ಇವರನ್ನ ನೋಡಿ" ಎಂದರು. ಹುಡುಗಿ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ತೆರೆಯ ಮೇಲಿದ್ದವರೆಲ್ಲ ನನ್ನನ್ನು ನೋಡಿದರು, ನಕ್ಕರು; ಒಳ್ಳೆಯ ನಗುವೇ. ನಾನು ಕೈಮುಗಿದೆ.

ಬಹುಮಾನ ಬರಲಿಲ್ಲ, ಮೆಚ್ಚುಗೆಯ ಪತ್ರ ಬಂತು. ಟೀಚರು ಅದಕ್ಕೆ ಚೌಕಟ್ಟು ಹಾಕಿಸಿ ತಂದು ನರ್ಸರಿಯ ಗೋಡೆಗೆ ತಾವೇ ಮೊಳೆ ಹೊಡೆದರು. ಆಮೇಲೆ ಬಂದವರೆಲ್ಲ ಅದನ್ನು ನೋಡಿ, ಚೌಕಾಸಿ ಮಾಡದೆ ಗಿಡ ಒಯ್ದರು. ಆ ಸ್ಪರ್ಧೆಯ ಮೂರು ದಿನಗಳಲ್ಲಿ ಟೀಚರು ಇದ್ದಷ್ಟು ಸಂತೋಷದಲ್ಲಿ ಅವರನ್ನು ನಾನು ಮತ್ತೆ ಕಾಣಲಿಲ್ಲ. ಆ ಸಂತೋಷ ಕೆಡಿಸಬಾರದೆಂದು ಸುಮ್ಮನಿದ್ದೆ ಎಂದು ನನಗೆ ನಾನೇ ಹೇಳಿಕೊಂಡದ್ದೂ ಉಂಟು. ಅದೂ ಸುಳ್ಳೇ. ಕೆಡಬಾರದೆಂದು ಇದ್ದದ್ದು ನನ್ನ ಹೆಸರು.

ಅವರ ಅಂಗಳದ ಗಿಡ ಮುಂದಿನ ಬೇಸಿಗೆಯಲ್ಲಿ ಮಿಡಿ ಬಿಟ್ಟಿತು. ಒಂದು ಸಣ್ಣ ಭರಣಿಯಷ್ಟು. ಉಪ್ಪಿನಲ್ಲಿಟ್ಟು, ಹದವಾದ ಮೇಲೆ ಗಂಜಿಯ ಜೊತೆ ತಾಯಿಗೆ ಬಡಿಸಿದರಂತೆ. ಆ ವಾರ ನರ್ಸರಿಗೆ ಬಂದ ಟೀಚರು ಅವಲಕ್ಕಿ ಬೇಡವೆಂದರು.

"ಅಮ್ಮ ಒಂದು ತುತ್ತಿಗೇ 'ಕೂಸೇ, ಇದು ಅದಲ್ಲ' ಅಂದ್ಲು ನಾಯ್ಕ್ರೇ. ಎಂತ ಹೇಳ್ಬೇಕು ನಾನು?"

ನನ್ನ ಮುಖ ನೋಡುತ್ತಿದ್ದರು. ಕನ್ನಡಕ ಒರೆಸಲಿಲ್ಲ. ಇದಕ್ಕಿಂತ ಹತ್ತಿರದಿಂದ ಯಾರೂ ನನ್ನನ್ನು ಕೇಳಿಲ್ಲ.

"ಮೊದಲ್ನೇ ಫಸಲು ಟೀಚರೇ. ಗಿಡ ಬಲೀಬೇಕು. ಪರಿಮಳ ಆಮೇಲೆ ಕೂಡ್ತದೆ" ಎಂದೆ.

ಅವರು ನಿಟ್ಟುಸಿರು ಬಿಟ್ಟರು, ಹಗುರಾದವರಂತೆ. ಅಮ್ಮನಿಗೆ ನಾನೂ ಹಾಗೇ ಹೇಳಿದೆ, ನಿನ್ನ ನಾಲಿಗೆಯೇ ಹೋಗಿದೆ ಅಮ್ಮ, ಕಂಪ್ಯೂಟರಿನಲ್ಲೂ ಬರೆದಿದೆ, ಸಾಕ್ಷಿಗೆ ನನ್ನ ಹೆಸರೇ ಇದೆ ಎಂದು ತೋರಿಸಿದೆ ಎಂದರು. ತಾಯಿ ಫೋನ್ ನೋಡಿ, "ನಂಗೆ ಎಲ್ಲ ಮರ್ತು ಹೋತು" ಎಂದರಂತೆ. ಆಮೇಲೆ ಊಟಕ್ಕೆ ಕೂತಾಗ ತವರಿನ ಸುದ್ದಿ ತೆಗೆಯಲಿಲ್ಲ. ಮಿಡಿ ಬಡಿಸಿದರೆ ಎಲೆಯ ಅಂಚಿಗೆ ಸರಿಸುತ್ತಿದ್ದರು. ಮನೆ ಮುಳುಗಿದ ಮೇಲೂ ಅವರ ನಾಲಿಗೆಯ ಮೇಲೆ ಉಳಿದಿದ್ದ ಆ ಒಂದು ನೆನಪನ್ನು ನಾನು ಸುಳ್ಳು ಮಾಡಿದೆ. ಅದೂ ಅವರ ಮಗಳ ಬಾಯಿಂದ. ಮಳೆ ಹಿಡಿಯುವ ಮೊದಲೇ ಆ ತಾಯಿ ತೀರಿಕೊಂಡರು.

ಟೀಚರು ನಿವೃತ್ತರಾದರು, ಕಾಯಿಲೆ ಬಿದ್ದರು. ಸಾಗರದ ಅಣ್ಣನ ಮನೆಯಲ್ಲಿದ್ದಾರೆ ಎಂದು ಕೇಳಿ ಈ ವರ್ಷ ನೋಡಲು ಹೋದೆ. ಹೊರಡುವಾಗ ಹೆಂಡತಿ, "ಇವತ್ತಾದ್ರೂ ಹೇಳಿ ಬನ್ನಿ" ಎಂದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಮಂಚದಲ್ಲಿ ಒರಗಿದ್ದರು, ಕನ್ನಡಕ ಮುಖಕ್ಕೆ ದೊಡ್ಡದಾಗಿತ್ತು. ಎದುರು ಕುರ್ಚಿ ತೋರಿಸಿದರು. ನಾನು ಬಾಯಿ ತೆರೆಯುವ ಮೊದಲೇ ಅವರೇ ಆ ಮಾತು ತೆಗೆದರು.

"ನಾಯ್ಕ್ರೇ, ಹಳ್ಳದ ನೀರು ಇಳಿದ ಮೇಲೆ ಒಂದ್ಸಲ ನನ್ನ ಮರದ ಹತ್ರ ಕರ್ಕೊಂಡು ಹೋಗಿ. ಕಾಣದೆ ಸಾಕ್ಷಿ ಹಾಕಿದ್ದು ಅದೊಂದೇ. ಕಂಡುಬಿಟ್ರೆ ಸರಿಯಾಗ್ತದೆ."

"ಹೋಗಣ ಟೀಚರೇ" ಎಂದೆ.

"ಅಡ್ಡಿಲ್ಲೆ" ಎಂದು ಕಣ್ಣು ಮುಚ್ಚಿದರು.

ಅಣ್ಣನ ಮನೆಯವರು ಕಾಫಿ ಕೊಟ್ಟರು. ಕುಡಿದು ಬಂದೆ. ನೀರು ಇಳಿಯುವವರೆಗೆ ಅವರು ಉಳಿಯಲಿಲ್ಲ.

ಹನ್ನೊಂದನೆಯ ದಿನದ ಕಾರ್ಯಕ್ಕೆ ಅರಳಸುರಳಿಯ ಹುಡುಗಿ ಬಂದಿದ್ದಳು. ಅವಳನ್ನು ಅಂಗಳದ ಮೂಲೆಗೆ ಕರೆದು, ಕಂಪ್ಯೂಟರಿನಲ್ಲಿ ಬಿಳಿಗಲ್ಲು ಜೀರಿಗೆಯ ಸಾಲುಗಳ ಕೆಳಗೆ ಇನ್ನೊಂದು ಸಾಲು ಬರೆಯಬೇಕು, ತೆಗೆದುಕೊಡು ಎಂದೆ. ಅದೆಲ್ಲ ಪ್ರಯೋಗಕ್ಕೆಂದು ಇಟ್ಟಿದ್ದ ಜಾಲ, ನಡೆಸುತ್ತಿದ್ದವರು ಯಾವತ್ತೋ ಮುಚ್ಚಿದ್ದಾರೆ, ಈಗ ಅಲ್ಲಿ ಏನೂ ಇಲ್ಲ ಎಂದಳು. ನಮ್ಮ ಸಾಲುಗಳೂ ಇಲ್ಲವೇ ಎಂದು ಕೇಳಿದೆ. ಇಲ್ಲ ಎಂದಳು. "ಎಂತ ಬರೀಬೇಕಿತ್ತು ನಾಯ್ಕ್ರೇ?" ಎಂದು ಕೇಳಿದಳು. ಹೇಳಿದೆ. ಮನೆಯ ಹೊರಗೆ ಮೊದಲ ಸಲ ಒಬ್ಬರಿಗೆ ಹೇಳಿದೆ. ಅವಳು ಅಳಲಿಲ್ಲ, ಬಯ್ಯಲೂ ಇಲ್ಲ. "ಮೇಡಂ ಇದ್ದಿದ್ರೆ ಯಾರು ಕಂಡಿದ್ದು ಅಂತ ಕೇಳ್ತಿದ್ರು" ಎಂದು ಒಳಗೆ ಹೋದಳು.

ಯಾರೂ ಅಳಿಸಲಾರರು ಎಂದಿದ್ದ ಸುಳ್ಳು ಅಲ್ಲಿಂದ ಅಳಿಸಿಹೋಗಿದೆ. ನನಗೆ ಅದರಿಂದ ಸಮಾಧಾನವಾಗಲಿಲ್ಲ. ಗಿಡಗಳು ಎಷ್ಟೋ ಅಂಗಳಗಳಲ್ಲಿ ಅದೇ ಹೆಸರಿನಲ್ಲಿ ಮಿಡಿ ಬಿಡುತ್ತಿವೆ. ಗೋಡೆಯ ಮೇಲಿದ್ದ ಪತ್ರವನ್ನು ನಾನು ಇಳಿಸಿದ್ದೇನೆ, ಟೀಚರು ಹೊಡೆದ ಮೊಳೆ ಹಾಗೇ ಇದೆ. ಅವರು ಕಲಿಸಿದಂತೆ, ಮೇಲಿನದನ್ನು ಹೊಡೆದು ಹಾಕದೆ, ಕೆಳಗಿನ ಸಾಲನ್ನು ಇಲ್ಲಿ ಬರೆಯುತ್ತೇನೆ. ಆ ಮಳೆಗಾಲದ ನಂತರ ನನ್ನಲ್ಲಿ ಗಿಡ ಒಯ್ದವರು ಓದಿಕೊಳ್ಳಬೇಕು.

ಮರ: ಬಿಳಿಗಲ್ಲು ಜೀರಿಗೆ ಅಲ್ಲ. ಅದೇ ಹಳ್ಳದ ಮೇಲ್ದಂಡೆಯ, ಹೆಸರಿಲ್ಲದ ಬೇರೆ ಮರ.

ಕಡ್ಡಿ ತಂದವರು: ನಾನು, ತಿಳಿದೂ ತಿಳಿದೂ.

ಕಂಡವರು: ಟೀಚರಲ್ಲ. ಅವರ ತಾಯಿ. ಒಂದೇ ತುತ್ತಿಗೆ ಕಂಡಿದ್ದರು.